ಹ್ಯಾಂಡಲ್ ಹೊಡೆದು ಭಾಲ್ಕಿಗೆ ಹೋದದ್ದು

ನಾನು ಬಕೆಟ್ಟು ಎತ್ತುವುದನ್ನು ನೋಡಿದವರು ನನಗೆ ಸಂಧಿವಾತ ಇರಬೇಕು ಎಂದುಕೊಳ್ಳುತ್ತಾರೆ. ಬಕೆಟ್ಟು ಅಂತಲ್ಲ, ಕೊಡೆಯಾಗಲಿ, ಕೈಚೀಲವಾಗಲಿ, ಬಸ್ಸಿನ ಬಾಗಿಲ ಸಲಾಕೆಯಾಗಲಿ, ಹಿಡಿಕೆ ಎಂಬುದು ಕಂಡರೆ ಸಾಕು, ನನ್ನ ಹೆಬ್ಬೆರಳು ಲೋಕದ ಹೆಬ್ಬೆರಳುಗಳ ಹಾಗೆ ಎದುರಿನಿಂದ ಬಂದು ಅದನ್ನು ಸುತ್ತಿಕೊಳ್ಳುವುದಿಲ್ಲ. ಉಳಿದ ನಾಲ್ಕು ಬೆರಳುಗಳ ಪಕ್ಕದಲ್ಲಿ ಸಾಲಿಗೆ ನಿಂತುಬಿಡುತ್ತದೆ. ಹೋದ ವರ್ಷ ಮೊಣಕಾಲು ನೋವಿಗೆಂದು ಬೀದರಿನ ಆಸ್ಪತ್ರೆಗೆ ಹೋಗಿದ್ದೆ. ವ್ಯಾಯಾಮ ಕಲಿಸುವ ಹುಡುಗಿ ಮೊಣಕಾಲು ಬಿಟ್ಟು ನನ್ನ ಕೈಯನ್ನೇ ನೋಡತೊಡಗಿದಳು.

"ಅಮ್ಮಾ, ಹೆಬ್ಬಟ್ಟಿಗಿ ಏನಾಗ್ಯಾದ್ರಿ?"

"ಏನೂ ಆಗಿಲ್ಲವ್ವಾ. ಏನೂ ಆಗಬಾರದಂತೇ ಹಿಂಗ ಹಿಡೀತೇನಿ. ಮೋಟಾರ ಒದಿತದ."

ಆ ಹುಡುಗಿ ನನ್ನತ್ತ ಒಂದು ನೋಟ ಬೀರಿ, ಮೊಣಕಾಲಿಗಿಂತ ತಲೆಯ ಚಿಕಿತ್ಸೆ ಮೊದಲಾಗಬೇಕೇನೋ ಎಂಬಂತೆ ನನ್ನ ಚೀಟಿಯಲ್ಲಿ ಏನೋ ಬರೆದುಕೊಂಡಳು. ಅವಳ ತಪ್ಪಲ್ಲ. ಗುಂಡಿ ಒತ್ತಿದರೆ ಗುಟುರು ಹಾಕುವ ಗಾಡಿಗಳ ಕಾಲದಲ್ಲಿ ಹುಟ್ಟಿದವಳು. ಮೋಟಾರು ಕತ್ತೆಯ ಹಾಗೆ ಒದೆಯುತ್ತಿತ್ತು, ಒದ್ದರೆ ಮಣಿಕಟ್ಟು ಮುರಿಯುತ್ತಿತ್ತು, ಹೆಬ್ಬೆರಳು ಕಳಚುತ್ತಿತ್ತು ಎಂದರೆ ಯಾಕೆ ನಂಬಬೇಕು? ಆಸ್ಪತ್ರೆಯ ಗದ್ದಲದಲ್ಲಿ ಅವಳಿಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ.

ನಾನು ಭಾಲ್ಕಿಯ ಮಗಳು, ಬೀದರಿನ ಸೊಸೆ. ನನ್ನ ಮಾವ ಸಿದ್ರಾಮಪ್ಪನವರು ವಕೀಲರು. ನಿಜಾಮರ ಕಾಲದ ಕೋರ್ಟು, ಹೀಗಾಗಿ ವಾದವೆಲ್ಲ ಉರ್ದುವಿನಲ್ಲಿ. ಅವರ ಉರ್ದು ಎಷ್ಟು ಚಂದವೆಂದರೆ, ಸೋತ ಕಕ್ಷಿದಾರನೂ "ಸೋತಿದ್ದು ಹೋಗ್ಲಿ, ಏನ್ ಮಾತಾಡಿದ್ರಿ ಸಾಹೇಬ್ರು!" ಎಂದು ಖುಷಿಯಿಂದ ಮನೆಗೆ ಹೋಗುತ್ತಿದ್ದನಂತೆ. ನಿಜಾಮರ ಆಳ್ವಿಕೆ ಮುಗಿದು ಹೈದರಾಬಾದಿನ ದೊಡ್ಡ ಮನೆಗಳು ತಮ್ಮ ಸಾಮಾನು ಸರಂಜಾಮು ಹೊರಗೆ ಹಾಕುತ್ತಿದ್ದಾಗ, ಮಾವ ಯಾವುದೋ ಮೊಕದ್ದಮೆಗೆಂದು ಅಲ್ಲಿಗೆ ಹೋದವರು ಒಂದು ಮೋಟಾರಿನಲ್ಲಿ ಕುಳಿತು ವಾಪಸು ಬಂದರು. ಅದು ನನಗಿಂತ ವಯಸ್ಸಿನಲ್ಲಿ ಹಿರಿದು. ಕಟ್ಟಿಗೆಯ ಅರಗಳ ಗಾಲಿ, ಹಿತ್ತಾಳೆಯ ದೀಪ, ಹಿಚುಕಿದರೆ ಕೋಣದ ಹಾಗೆ ಕೂಗುವ ರಬ್ಬರ್ ಭೋಂಪು. ಹಿಂದಿನ ಸೀಟಿನ ಮೂರೂ ಕಡೆ ಮಾಸಿದ ನೀಲಿ ರೇಷ್ಮೆಯ ಪರದೆ. ಯಾರೋ ಬೇಗಮ್ಮಳ ಗಾಡಿಯಾಗಿತ್ತಂತೆ. ಓಣಿಯವರು ಅದಕ್ಕೆ ಬೇಗಮ್ಮ ಎಂದೇ ಹೆಸರಿಟ್ಟರು. ನನ್ನ ಅತ್ತೆಗೆ ಇಡೀ ಗಾಡಿಯಲ್ಲಿ ಒಪ್ಪಿಗೆಯಾಗಿದ್ದು ಆ ಪರದೆಯೊಂದೇ. "ಉಳದದ್ದೆಲ್ಲಾ ತಗದು ಪರದಾ ಅಷ್ಟ ಇಟ್ಕೋರಿ, ಕಿಡಕಿಗಿ ಆಗ್ತದ" ಎನ್ನುತ್ತಿದ್ದರು.

ಬೇಗಮ್ಮಳನ್ನು ಎಬ್ಬಿಸುವುದೇ ಒಂದು ಪೂಜೆ. ಕಾಲಿನ ಹತ್ತಿರ ಒಂದು ಗುಂಡಿ ಇತ್ತು. ಅದನ್ನು ತುಳಿದರೆ ಗಾಡಿ ತಾನೇ ಏಳಬೇಕು, ಅದಕ್ಕೆ 'ಸೆಲ್ಫ್' ಅಂತಾರೆ. ಆ ಸೆಲ್ಫು ಹಳೆಯ ಒಡತಿಯ ಮನೆಯಲ್ಲೇ ಪ್ರಾಣ ಬಿಟ್ಟಿತ್ತು. ಆದ್ದರಿಂದ ಮುಂದಿನ ಮೂತಿಯ ಕೆಳಗಿನ ತೂತಿಗೆ ಕಬ್ಬಿಣದ ಹ್ಯಾಂಡಲ್ ತೂರಿಸಿ ತಿರುವಬೇಕಿತ್ತು. ಅದಕ್ಕೆ ಮೊದಲು ಗಾಲಿಗಳಿಗೆ ಇಟ್ಟಿಗೆ ಕೊಡಬೇಕು, ಇಲ್ಲವಾದರೆ ಎದ್ದ ಗಾಡಿ ಎಬ್ಬಿಸಿದವರ ಮೇಲೆಯೇ ಬರುತ್ತದೆ. ಆಮೇಲೆ ಸ್ಟೇರಿಂಗಿನ ನಡುವೆ ಇರುವ ಸಣ್ಣ ಕಡ್ಡಿಯನ್ನು ಮೇಲಕ್ಕೆ ಸರಿಸಬೇಕು. ಎಂಜಿನ್ನಿನೊಳಗೆ ಕಿಡಿ ಹಾರುವುದು ಬೇಗನೋ ತಡವೋ ಎಂಬುದು ಆ ಕಡ್ಡಿಯ ಕೈಯಲ್ಲಿ. ಅದನ್ನು ಮರೆತರೆ ಕಿಡಿ ಹೊತ್ತಿಗೆ ಮೊದಲೇ ಹಾರಿ, ಹ್ಯಾಂಡಲ್ ಉಲ್ಟಾ ತಿರುಗಿ ಹಿಡಿದವರ ಕೈ ಮುರಿಯುತ್ತದೆ. ಇದೇ ಒದೆತ. ಹೆಬ್ಬೆರಳು ಹಿಡಿಕೆಯನ್ನು ಸುತ್ತಿಕೊಂಡಿದ್ದರೆ ಮೊದಲು ಹೋಗುವುದು ಅದೇ. ಐದೂ ಬೆರಳು ಒಂದೇ ಕಡೆ ಇದ್ದರೆ, ಒದ್ದಾಗ ಹಿಡಿಕೆ ಜಾರಿ ಹೋಗುತ್ತದೆ, ಕೈ ಉಳಿಯುತ್ತದೆ.

ಚಳಿಗಾಲದಲ್ಲಿ ಇಷ್ಟೇ ಸಾಲದು. ಎಂಜಿನ್ನಿನ ನೆತ್ತಿಯ ಮೇಲೆ ಪುಟ್ಟ ಪುಟ್ಟ ಹಿತ್ತಾಳೆಯ ಬಟ್ಟಲುಗಳಿದ್ದವು. ಅವುಗಳಲ್ಲಿ ನಾಲ್ಕು ನಾಲ್ಕು ಹನಿ ಪೆಟ್ರೋಲು ಹಾಕಿ ತಿರುಪು ಬಿಟ್ಟರೆ ಅದು ಒಳಗಿಳಿದು ಗಾಡಿಯ ಎದೆ ಬೆಚ್ಚಗಾಗುತ್ತದೆ. ಅಷ್ಟು ಸಣ್ಣ ಬಾಯಿಗೆ ಹಾಕಲು ಏನೂ ಸಿಗದೆ ಮಾವ ಒಂದು ದಿನ ಕಪಾಟಿನಿಂದ ಬೆಳ್ಳಿಯ ಒಳಲೆ ತೆಗೆದುಕೊಂಡು ಹೋದರು. ಅತ್ತೆ ಹಿತ್ತಲಿನಿಂದ ಬರುವಷ್ಟರಲ್ಲಿ ಬೇಗಮ್ಮಳಿಗೆ ಕುಡಿಸುವುದು ನಡೆದಿತ್ತು.

"ಅಯ್ಯಯ್ಯ! ನನ್ನ ಮಗಗ ಹಾಲ್ ಹಾಕಿದ ಒಳಲ್ಯಾಗ ಘಾಸಲೇಟ ಹಾಕ್ಲತ್ತೀರಿ?"

"ಚಿಮಣಿಗಿ ಹಾಕೂ ಘಾಸಲೇಟ ಅಲ್ಲ, ಪೆಟ್ರೋಲ."

"ಹಾಂ, ಅದು ಕುಡದು ಗಾಡಿ ಏನ್ ಬಾಳ ಶಾಣ್ಯಾ ಆಗ್ತದ ಏನು?"

ಆ ಒಳಲೆಯಲ್ಲಿ ಹಾಲು ಕುಡಿದವರೇ ನನ್ನ ಗಂಡ. ಅವರ ಶಾಣ್ಯಾತನದ, ಅಂದರೆ ಜಾಣತನದ, ಬಗ್ಗೆ ನಾನು ಇಲ್ಲಿ ಏನೂ ಹೇಳುವುದಿಲ್ಲ. ಅವರು ಸರ್ಕಾರಿ ಕಚೇರಿಯಲ್ಲಿದ್ದರು, ನಾನು ಹೇಳುವ ಕಾಲಕ್ಕೆ ಗುಲಬರ್ಗಾಕ್ಕೆ ವರ್ಗವಾಗಿ ಹೋಗಿದ್ದರು.

ಮುಂದೆ ಎಂದೋ ಒಂದು ಪುಸ್ತಕದಲ್ಲಿ ಓದಿದೆ. ಈ ಒದೆತ ತಪ್ಪಿಸಲು ಮೊದಮೊದಲ ಮೋಟಾರಿನವರು ಮಾಡದ ಉಪಾಯವಿಲ್ಲವಂತೆ. ಗಡಿಯಾರಕ್ಕೆ ಕೀಲಿ ಕೊಟ್ಟ ಹಾಗೆ ದೊಡ್ಡ ಸ್ಪ್ರಿಂಗು ಸುತ್ತಿಟ್ಟು ಬಿಡುವುದು. ಹಂಡೆಯಲ್ಲಿ ಗಾಳಿ ತುಂಬಿಟ್ಟು ಎಂಜಿನ್ನಿಗೆ ಊದುವುದು. ದೀಪ ಉರಿಸುವ ಗ್ಯಾಸನ್ನೇ ಒಳಗೆ ಬಿಟ್ಟು ಢಂ ಅನ್ನಿಸುವುದು. ಗಾಳಿ ಸೋರಿತು, ಸ್ಪ್ರಿಂಗು ಸಿಟ್ಟಿಗೆದ್ದಿತು, ಗ್ಯಾಸಿನ ವಿಷಯ ಕೇಳಬೇಡಿ. ಕೊನೆಗೆ ವಿದ್ಯುತ್ತಿನ ಸೆಲ್ಫು ಬಂದು, ಇನ್ನು ಹೆಂಗಸರೂ ಮೋಟಾರು ಓಡಿಸಬಹುದು ಎಂದು ಜಾಹೀರಾತು ಹಾಕಿದರಂತೆ. ಓದಿ ನಕ್ಕೆ. ಹೆಂಗಸರ ಕೈ ಅಷ್ಟು ಹಗುರ ಎಂದು ಆ ದೇಶದವರಿಗೆ ಯಾರು ಹೇಳಿದರೋ! ಬೆಳಗಾಗುವಷ್ಟರಲ್ಲಿ ಮನೆಮಂದಿಗೆಲ್ಲ ಜೋಳ ಬೀಸಿಡುವ ಹೆಂಗಸರನ್ನು ಅವರು ಕಂಡಿರಲಿಕ್ಕಿಲ್ಲ.

ಇನ್ನು ರಾಜ್ಯದ ಮಾತು. ಹೈದರಾಬಾದ್ ರಾಜ್ಯ ಒಡೆದು, ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಬೀದರ ಜಿಲ್ಲೆಯನ್ನು ರೊಟ್ಟಿಯ ಹಾಗೆ ಮುರಿದರು. ಬೀದರ, ಭಾಲ್ಕಿ, ಔರಾದ ಇತ್ತ ಬಂದವು. ಉದಗೀರ ಮುಂಬಯಿ ರಾಜ್ಯಕ್ಕೆ, ನಾರಾಯಣಖೇಡ ಆಂಧ್ರಕ್ಕೆ. ಅತ್ತೆಯ ತವರು ಉದಗೀರ. ರಾತ್ರಿ ಮಲಗಿ ಬೆಳಿಗ್ಗೆ ಏಳುವುದರೊಳಗೆ ತವರು ಬೇರೆ ರಾಜ್ಯವಾಯಿತೆಂದು ಅತ್ತೆ ಚಿಂತೆಗೆ ಬಿದ್ದರು. ರೈಲು ಅದೇ, ಟಿಕೀಟು ಅದೇ ಎಂದು ತಿಳಿದ ಮೇಲೆ ಸಮಾಧಾನವಾಯಿತು. ಸಮಾಧಾನವಾಗದೆ ಉಳಿದವರು ಮಾವ. ಮನೆಯಲ್ಲಿ ಆಡುವುದು ಕನ್ನಡವೇ. ತಾಯಿಯ ಬಾಯಿಂದ ಕೇಳಿ ಕಲಿತ ವಚನಗಳು ನೂರಾರು ಬಾಯಿಪಾಠ. ಆದರೆ ಅವರ ಕಾಲದಲ್ಲಿ ಕನ್ನಡಕ್ಕೆ ಸಾಲೆ ಎಲ್ಲಿತ್ತು? ಒಂದು ಅಕ್ಷರ ಓದಲು ಬರುತ್ತಿರಲಿಲ್ಲ. ಈಗ ಸರ್ಕಾರದ ಕಾಗದವೆಲ್ಲ ಕನ್ನಡದಲ್ಲಿ ಬರುತ್ತದಂತೆ ಎಂಬ ಸುದ್ದಿ ಹಬ್ಬಿತು. ಮಾವ ಪತ್ರಿಕೆಯನ್ನು ಮುಂದೆ ಹಿಡಿದು ತುಂಬ ಹೊತ್ತು ಸುಮ್ಮನೆ ಕೂಡುತ್ತಿದ್ದರು. ನಾನು ಭಾಲ್ಕಿಯಲ್ಲಿ ಕಲಿತ ಸಾಲೆಗೆ, ನಿಜಾಮರ ಸರ್ಕಾರದ ಕಣ್ಣು ತಪ್ಪಿಸಲು, ಹೊರಗೆ ಉರ್ದು ಹಲಗೆ, ಒಳಗೆ ಕನ್ನಡ ಪಾಠ. ನನಗೆ ಓದಲು ಬರೆಯಲು ಚೆನ್ನಾಗಿಯೇ ಬರುತ್ತಿತ್ತು. ಅದು ಮಾವನಿಗೆ ಗೊತ್ತಿತ್ತು.

ಗೊತ್ತಿದ್ದರೇನು? ಮಾವನ ಎದುರಿಗೆ ಸೊಸೆ ಕೂಡುವ ಕಾಲವಲ್ಲ ಅದು. ಮಾತೇನಿದ್ದರೂ ಬಾಗಿಲ ಹಿಂದಿನಿಂದ, ಸೆರಗಿನೊಳಗಿಂದ. ಅಂಥದರಲ್ಲಿ ಊರಿಗೆ ಉರ್ದು ಹೇಳಿಕೊಡುವಂಥ ವಕೀಲರು ಸೊಸೆಯ ಮುಂದೆ ಕುಳಿತು ಅ ಆ ತಿದ್ದುವುದೆಂದರೆ ಓಣಿಗೆ ಓಣಿಯೇ ನಗುತ್ತದೆ. ಒಂದು ಮಧ್ಯಾಹ್ನ ಅತ್ತೆ ನನ್ನನ್ನು ಕರೆದು, "ಮಾವಾರು ಮೋಟಾರದಾಗ ಕುಂತಾರ. ಹೋಗಿ ಹಿಂದಿನ ಸೀಟನ್ಯಾಗ ಪರದಾ ಬಿಟ್ಕೊಂಡು ಕೂಡು. ಅವರು ಏನ್ ಕೇಳ್ತಾರ ಅದು ಹೇಳು. ಮಂದಿಗಿ ನಾ, ಮೋಟಾರ ಸಾಫ್ ಮಾಡ್ಲತ್ತಾರಂತ ಹೇಳ್ತೇನಿ" ಎಂದರು.

ನಾನು ಕಲಿಸಿದ ಮೊದಲ ಸಾಲೆ ಬೇಗಮ್ಮಳ ಹೊಟ್ಟೆಯಲ್ಲಿ ಶುರುವಾಯಿತು. ಮೊದಲು ಎತ್ತು ಕಟ್ಟುತ್ತಿದ್ದ, ದೊಡ್ಡ ಬಾಗಿಲ ಒಳಗಿನ ಜಾಗದಲ್ಲಿ ಗಾಡಿ ನಿಂತಿರುತ್ತಿತ್ತು. ಮುಂದಿನ ಸೀಟಿನಲ್ಲಿ ಸ್ಟೇರಿಂಗಿಗೆ ಪಾಟಿ ಒರಗಿಸಿಕೊಂಡು ಮಾವ, ಹಿಂದೆ ನೀಲಿ ಪರದೆಯೊಳಗೆ ನಾನು. ನಾನು ಅಕ್ಷರ ಬರೆದ ಪಾಟಿಯನ್ನು ಪರದೆಯ ಸಂದಿಯಿಂದ ಮುಂದಕ್ಕೆ ಚಾಚುವೆ, ಅವರು ತಿದ್ದಿ ಹಿಂದಕ್ಕೆ ಚಾಚುವರು. ಮೊದಲ ಸಲ ತಿದ್ದಿದ ಪಾಟಿ ನೋಡಿ ನನಗೆ ತಲೆಬುಡ ತಿಳಿಯಲಿಲ್ಲ. ಉರ್ದುವಿನ ಕೈ, ಬಲಗಡೆಯಿಂದ ಶುರು ಮಾಡಿಬಿಟ್ಟಿದ್ದರು. ತಿದ್ದಿ ಹೇಳಲು ನನಗೆ ಧೈರ್ಯವಿಲ್ಲ, ಹೇಳದಿದ್ದರೆ ಗತಿಯಿಲ್ಲ.

"ಮಾವಾರ, ಕನ್ನಡ ಆ ಕಡಿಂದ ಬರಂಗಿಲ್ರಿ, ಈ ಕಡಿಂದ ಹೋಗ್ತದ್ರಿ" ಎಂದೆ, ಸೆರಗು ಕಚ್ಚಿಕೊಂಡು.

ಮುಂದಿನ ಸೀಟಿನಿಂದ ಗೊಳ್ಳೆಂದು ನಗು. "ನೋಡವ್ವಾ, ಕೋರ್ಟಿನ್ಯಾಗ ಎಷ್ಟ ಮಂದಿ ಹೆಬ್ಬಟ್ಟು ಒತ್ತಿಸೀನಿ. ಕನ್ನಡದಾಗ ನಾನೇ ಹೆಬ್ಬಟ್ಟು!"

ಅವರು ಗುರುದಕ್ಷಿಣೆ ಬಾಕಿ ಇಡುವವರಲ್ಲ. ಬಳ್ಳಿ ಸುತ್ತಿದಂಥ ನಮ್ಮ ಅಕ್ಷರಗಳೊಂದಿಗೆ ಗುದ್ದಾಡಿ ದಣಿದಾಗ, ಗಾಡಿಯ ಬಗ್ಗೆ ಹೇಳುತ್ತಿದ್ದರು. ಮೊದಲು ಪರದೆಯ ಆಚೆಯಿಂದ ಬಾಯಿಮಾತು. ಕಾಗುಣಿತ ಮುಗಿದ ದಿನ ಕೆಳಗಿಳಿದು, ದೊಡ್ಡ ಬಾಗಿಲು ಹಾಕಿಸಿ, ಹ್ಯಾಂಡಲನ್ನು ನನ್ನ ಕೈಗೇ ಕೊಟ್ಟರು. ತಾವು ಬೇರೆ ಕಡೆ ಮುಖ ಮಾಡಿ ನಿಂತು, ಗೋಡೆಗೆ ಪಾಠ ಹೇಳಿದ ಹಾಗೆ ಹೇಳಿದರು: "ಹೆಬ್ಬಟ್ಟ ಬ್ಯಾರೆ ಮಾಡಬ್ಯಾಡ! ಎಲ್ಲಾ ಬಟ್ಟ ಒಂದೇ ಕಡಿ! ಕೆಳಗಿಂದ ಮ್ಯಾಲಕ ಜಗ್ಗು. ಮ್ಯಾಲಿಂದ ಕೆಳಗ ಒತ್ತಬ್ಯಾಡ." ನಾನು ಜಗ್ಗಿದೆ. ಏನೂ ಆಗಲಿಲ್ಲ. ಇನ್ನೊಮ್ಮೆ ಜಗ್ಗಿದೆ. ಬೇಗಮ್ಮ ಒಮ್ಮೆ ಕೆಮ್ಮಿ, ಮೈ ಜಾಡಿಸಿ, ಗಡಗಡನೆ ಎದ್ದಳು. ನನ್ನ ತೋಳಿನಿಂದ ಅಷ್ಟು ದೊಡ್ಡ ಜೀವ ಎದ್ದಿತಲ್ಲ! ಆ ಸಂತೋಷಕ್ಕೆ ನಾನು ಸೆರಗು ಜಾರಿದ್ದನ್ನೂ ಮರೆತೆ. ಮಾವ ಗೋಡೆಯನ್ನೇ ನೋಡುತ್ತ "ಶಾಬಾಸ್" ಎಂದರು.

ಹೀಗೆ ಚಳಿಗಾಲ ಬಂತು. ಕನ್ನಡ ಸಾಲೆಗಳು ತೆರೆಯುತ್ತಿದ್ದವು, ಕಲಿಸುವವರು ಇರಲಿಲ್ಲ. ಮೈಸೂರು ಕಡೆಯ ಅಧಿಕಾರಿಯೊಬ್ಬರು ಭಾಲ್ಕಿಗೆ ಬಂದು ಒಂದು ದಿನ ಇದ್ದು, ಭಾಲ್ಕಿ ಮತ್ತು ಔರಾದ ತಾಲ್ಲೂಕಿಗೆ ಟೀಚರುಗಳನ್ನು ಆರಿಸುತ್ತಾರೆ, ಹೆಂಗಸರೂ ಬರಬಹುದು ಎಂದು ಸುದ್ದಿ ಬಂತು. ನನ್ನ ತವರಿನಿಂದ ಅಪ್ಪ ಹೇಳಿ ಕಳಿಸಿದ್ದ. ನಾನು ಬಾಯಿ ತೆರೆಯುವ ಮೊದಲೇ ಮಾವ ಅತ್ತೆಗೆ ಹೇಳಿದರು: "ಸೊಸಿ ಹೋಗ್ತಾಳ." ಅತ್ತೆ ಕೇಳಿದರು: "ಮಂದಿ ಏನಂತಾರ?" "ಮಂದಿ ಮೊದಲ ಓದ್ಲಾಕ ಕಲೀಲಿ, ಆಮ್ಯಾಗ ಅನ್ನಲಿ."

ಎಲ್ಲ ಸರಿಯಾಗಿತ್ತು, ಅಧಿಕಾರಿ ಬರುವ ಹಿಂದಿನ ವಾರದವರೆಗೆ. ಮಾವ ಗಾಡಿ ಎಬ್ಬಿಸಲು ಹೋದವರು ಎದುರಿನ ಅಂಗಡಿಗೆ ಹೊಸದಾಗಿ ಬರೆಸಿದ ಕನ್ನಡ ಹಲಗೆ ನೋಡಿದರು. "ಕಿ… ರಾ… ಣಿ… ಕಿರಾಣಿ!" ಎಂದು ಸಡಗರದಿಂದ ಹ್ಯಾಂಡಲ್ ಜಗ್ಗಿದರು. ಕಡ್ಡಿ ಸರಿಸುವುದು ಮರೆತಿತ್ತು. ಬೇಗಮ್ಮ ಒದ್ದಳು. ಬಲಗೈ ಮಣಿಕಟ್ಟು ಮುರಿಯಿತು. ಕಟ್ಟು ಹಾಕುವವನು ಬಿದಿರ ಸೀಳು ಇಟ್ಟು ಬಿಗಿದು, ಕೊರಳಿಗೆ ಜೋಲಿ ಕಟ್ಟಿ ಹೋದ. ಹೆಬ್ಬೆರಳು ಮಾತ್ರ ಉಳಿದಿತ್ತು. ನೋವಿನಲ್ಲೂ ಮಾವ ಅದನ್ನು ನನಗೆ ದೂರದಿಂದ ಆಡಿಸಿ ತೋರಿಸಿದರು.

ಭಾಲ್ಕಿಗೆ ಹೋಗುವ ದಿನ ಬೆಳಗಿನ ಬಸ್ಸು ಬರಲಿಲ್ಲ. ಕಾದು ನಿಂತವರು ಒಬ್ಬೊಬ್ಬರಾಗಿ ಮನೆಗೆ ಹೋದರು. ರೈಲಿಗೆ ಕಾದರೆ ಹೊತ್ತು ಮೀರುತ್ತದೆ. ನಾನು ಮನೆಗೆ ಬಂದು ಅಡುಗೆಮನೆಯಲ್ಲಿ ನಿಂತೆ, ಅಳು ಬರುವಂತಿತ್ತು. ನನಗೆ ನೌಕರಿಯ ಆಸೆ ಎಷ್ಟಿತ್ತೆಂದು ಅಲ್ಲಿಯವರೆಗೆ ನನಗೇ ತಿಳಿದಿರಲಿಲ್ಲ. ಆಗ ಹೊರಗಿನಿಂದ ಭೋಂಪು ಕೂಗಿತು. ಹೋಗಿ ನೋಡಿದರೆ ಮಾವ ಜೋಲಿ ಕಟ್ಟಿದ ಕೈಯೊಂದಿಗೆ ಡ್ರೈವರ್ ಸೀಟಿನಲ್ಲಿ ಕುಳಿತಿದ್ದಾರೆ, ಎಡಗೈಯಲ್ಲಿ ಭೋಂಪು ಹಿಚುಕುತ್ತಿದ್ದಾರೆ.

ಅತ್ತೆ ಅಂದರು: "ಒಂದ ಕೈಲೆ ಹ್ಯಾಂಗ ಹೊಡಿತೀರಿ? ಆ ಗೇರಿನ ಡಂಡಾ ಯಾರ ಹಾಕ್ತಾರ?"

"ಡಂಡಾ ನಾ ಹಾಕ್ತೇನಿ, ಎಡಗೈಲೆ. ಡಂಡಾ ಹಾಕೂ ಮುಂದ ಈ ಚಕ್ರ ನೀ ಹಿಡಿ."

"ನಾ?"

"ನಲವತ್ತ ವರ್ಷ ಮನಿ ಹಿಡದೀದಿ, ಇದೇನ್ ದೊಡ್ಡದು?"

ಅತ್ತೆ ಒಂದು ಕ್ಷಣ ಬೇಗಮ್ಮಳನ್ನು ದಿಟ್ಟಿಸಿದರು. ಆಮೇಲೆ ಒಳಗೆ ಹೋಗಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಬೆಳ್ಳಿಯ ಒಳಲೆ ತಂದು ನನ್ನ ಕೈಗಿತ್ತರು. "ತಗೋ, ಕುಡಿಸು. ಥಂಡಿ ಬಾಳ ಅದ" ಎಂದು, ಹೋಗಿ ಮಾವನ ಪಕ್ಕದಲ್ಲಿ ಕುಳಿತರು.

ನಾನು ಕುಡಿಸಿದೆ, ಜಗ್ಗಿದೆ, ಬೇಗಮ್ಮ ಎದ್ದಳು. ಇಟ್ಟಿಗೆ ಸರಿಸಿ ಹಿಂದೆ ಹತ್ತಿ ಪರದೆ ಬಿಟ್ಟುಕೊಂಡೆ. ಊರ ನಡುವಿನ ಚೌಬಾರಾ ಗೋಪುರ ದಾಟುವಾಗ ಮಂದಿ ನಿಂತು ನೋಡಿದ್ದು ಪರದೆಯ ಸಂದಿಯಿಂದ ಕಾಣುತ್ತಿತ್ತು. ಮುಂದೆ ಮಾವನ ಕೂಗು: "ಹಿಡಿ!" ಅತ್ತೆ ಎರಡೂ ಕೈಯಿಂದ ಸ್ಟೇರಿಂಗ್ ಹಿಡಿಯುವರು. ಮಾವ ಗೇರು ಹಾಕುವರು. "ಬಿಡು!" ಅತ್ತೆ ಬಿಡುವರು. ಅಷ್ಟು ವರ್ಷದ ಸಂಸಾರದಲ್ಲಿ ಅವರಿಬ್ಬರು ಇಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಊರು ಬಿಟ್ಟ ಮೇಲೆ ಅತ್ತೆ ಬಿಡೆಂದರೂ ಬಿಡದಾದರು. "ಇರ್ಲಿರಿ, ನಾ ಹಿಡದೀನಲ್ಲ" ಎಂದು ಎಮ್ಮೆಯ ಹಗ್ಗ ಹಿಡಿದ ಹಾಗೆ ಹಿಡಿದರು. ಗಾಡಿ ಎಡಕ್ಕೆ ವಾಲಿ ತೊಗರಿ ಹೊಲದ ಅಂಚು ಸವರಿ ಬಂತು.

ಹಲಬರ್ಗಾ ದಾಟಿ ಒಂದು ಹಳ್ಳದ ಏರಿನಲ್ಲಿ ಎತ್ತಿನ ಬಂಡಿಗಳು ಅಡ್ಡ ಬಂದವು. ಮಾವ ಗಾಡಿ ನಿಲ್ಲಿಸಿದರು. ಎಂಜಿನ್ ಕೂಡ ನಿಂತಿತು. ಬಂಡಿಯವರು, ಗಂಜ್ ಮಾರುಕಟ್ಟೆಗೆ ಕಾಳು ಒಯ್ಯುವವರು, ಹೊಲದವರು, ಎಲ್ಲರೂ ಸುತ್ತ ನೆರೆದರು. ಪರದೆಯ ಗಾಡಿಯೊಳಗೆ ಯಾವ ಬೇಗಮ್ಮ ಇದ್ದಾಳೋ ಎಂಬ ಕುತೂಹಲ. ಅಲ್ಲೊಬ್ಬ ಗಟ್ಟಿಮುಟ್ಟಾದ ರೈತ ಹ್ಯಾಂಡಲ್ ನೋಡಿ, "ತರ್ರಿ, ನಾ ತಿರಿವ್ತೇನಿ" ಎಂದು ಹಿಡಿಯಲು ಬಂದ. ಹೆಬ್ಬೆರಳು ಸುತ್ತಿಯೇ ಹಿಡಿದ. ಮಾವ ಕಿರುಚಿದರು. ಅವನು ಹೆದರಿ ಬಿಟ್ಟ. ಮುರಿದ ಕೈ ತೋರಿಸಿ ಮಾವ ವಿವರಿಸಿದ ಮೇಲೆ ಯಾರೂ ಹತ್ತಿರ ಬರಲಿಲ್ಲ.

ನಾನು ಪರದೆಯೊಳಗೆ ಕುಳಿತಿದ್ದೆ. ಇಳಿದರೆ ಇಷ್ಟು ಗಂಡಸರ ನಡುವೆ, ಮಾವನ ಎದುರಿಗೆ. ಇಳಿಯದಿದ್ದರೆ ಭಾಲ್ಕಿಯಲ್ಲಿ ಅಧಿಕಾರಿ ಎದ್ದು ಹೋಗುತ್ತಾರೆ. ಪರದೆ ಸರಿಯಿತು. ಸರಿಸಿದವರು ಅತ್ತೆ.

"ಇಳಿ. ಸೆರಗ ಹೊತ್ಕೊಂಡು ಕಬ್ಬಣ ತಿರುವ್ಲಾಕ ಆಗೂದಿಲ್ಲ. ಸೊಂಟಕ್ಕ ಸಿಗಿಸು."

ನಾನು ಸಿಗಿಸಿದೆ. ಅತ್ತೆ ನೆರೆದವರ ಕಡೆ ತಿರುಗಿ, "ಏನ್ ನೋಡ್ತೀರಿ? ಜಾತ್ರಿ ಅದ ಏನಿಲ್ಲಿ? ಗಾಲಿಗಿ ಕಲ್ಲ ಕೊಡ್ರಿ ಇಲ್ಲಾಂದ್ರ ಬಂಡಿ ಹೊಡೀರಿ!" ಎಂದರು. ಎಲ್ಲರೂ ಕಲ್ಲು ಹುಡುಕಲು ಓಡಿದರು. ಏರಿನಲ್ಲಿ ಬೇಗಮ್ಮ ಬಲು ಹಟ ಮಾಡಿದಳು. ಜಗ್ಗಿದೆ, ಉಸಿರು ತೆಗೆದುಕೊಂಡೆ, ಜಗ್ಗಿದೆ. ಬೆವರು ಕಣ್ಣಿಗಿಳಿಯಿತು, ಎಣ್ಣೆಯ ಕೈಯಿಂದಲೇ ಒರೆಸಿಕೊಂಡೆ. ಒಮ್ಮೆ ಹ್ಯಾಂಡಲ್ ಉಲ್ಟಾ ಹೊಡೆದು ನನ್ನ ಅಂಗೈಯಿಂದ ಹಾವಿನ ಹಾಗೆ ಜಾರಿ ಹೋಯಿತು. ಬೆರಳು ನೋಡಿಕೊಂಡೆ. ಐದೂ ಇದ್ದವು. ಮತ್ತೆ ಜಗ್ಗಿದಾಗ ಗಾಡಿ ಎದ್ದು ಹೊಗೆ ಬಿಟ್ಟಿತು. ಆ ಗಟ್ಟಿಮುಟ್ಟಾದ ರೈತ ತಲೆಯ ರುಮಾಲು ತೆಗೆದು ಬೀಸಿದ.

ಭಾಲ್ಕಿಯ ಸಾಲೆ ತಲುಪಿದಾಗ ಅಧಿಕಾರಿ ಕಾಗದ ಪತ್ರ ಕಟ್ಟಿಡುತ್ತಿದ್ದರು. ಸೌಮ್ಯ ಮುಖದ ನಡುವಯಸ್ಸಿನವರು. ನನ್ನ ಅವತಾರ ನೋಡಿ ಗಾಬರಿಯಾಗಿರಬೇಕು, ಹಣೆಯ ಮೇಲೆ ವಿಭೂತಿಯ ಜಾಗದಲ್ಲಿ ಎಂಜಿನ್ ಎಣ್ಣೆ. ಆದರೂ ನಯವಾಗಿ ಕೇಳಿದರು: "ಕೂತ್ಕೊಳ್ಳಿ ಅಮ್ಮಾ. ದೂರದಿಂದ ಬಂದಿದ್ದೀರಿ. ತಿಂಡಿ ಆಯ್ತಾ?"

ನಮ್ಮ ಕಡೆ ತಿಂಡಿ ಎಂದರೆ ನವೆ, ತುರಿಕೆ. 'ನಿನಗ ತಿಂಡಿ ಅದ ಏನು?' ಎಂದು ಯಾರಾದರೂ ಕೇಳಿದರೆ ಅದು ಜಗಳಕ್ಕೆ ಕರೆದ ಹಾಗೆ. ನನಗೆ ಸಿಟ್ಟೇ ಬಂತು. "ನನಗ್ಯಾಕ ತಿಂಡಿ ಇರ್ತದ್ರಿ? ನೌಕರಿ ಕೇಳ್ಲಾಕ ಬಂದೀನಿ" ಎಂದೆ. ಅವರು ಕಣ್ಣು ಪಿಳಿಪಿಳಿಸಿದರು. ಪಕ್ಕದಲ್ಲಿದ್ದ ಭಾಲ್ಕಿಯ ಗುಮಾಸ್ತರು ಬಾಗಿ ಅವರ ಕಿವಿಯಲ್ಲಿ ಏನೋ ಹೇಳಿದರು. ಅಧಿಕಾರಿ ಕಿವಿಯವರೆಗೂ ಕೆಂಪಾಗಿ, "ಕ್ಷಮಿಸಬೇಕು, ಊಟ ಆಯ್ತಾ ಅಂತ ಕೇಳಿದ್ದು" ಎಂದರು. ಒಂದೇ ರಾಜ್ಯವಾಗಿದ್ದೆವು, ಒಂದೇ ಮಾತಾಗಲು ಇನ್ನೂ ಸ್ವಲ್ಪ ದಿನ ಬೇಕಿತ್ತು.

ಆಮೇಲೆ ನಿಜವಾದ ಕಷ್ಟ ಬಂತು. ಕನ್ನಡ ಕಲಿತದ್ದಕ್ಕೆ ನನ್ನಲ್ಲಿ ಯಾವ ಸರ್ಟಿಫಿಕೇಟೂ ಇಲ್ಲ. ಮರೆಯಲ್ಲಿ ಕಲಿತದ್ದಕ್ಕೆ ಯಾರು ಬರೆದು ಕೊಡುತ್ತಾರೆ? ಅವರು ಕೊಟ್ಟದ್ದನ್ನು ಓದಿದೆ, ಹೇಳಿದ್ದನ್ನು ಬರೆದೆ. ತಲೆಯಾಡಿಸಿದರು. "ನಿಮಗೆ ಬರುತ್ತೆ, ಸರಿ. ಆದರೆ ಕಲಿಸೋಕೆ ಬರುತ್ತಾ? ಇದುವರೆಗೆ ಯಾರಿಗಾದರೂ ಕಲಿಸಿದ್ದೀರಾ?"

ಉತ್ತರ ನಾಲಿಗೆಯ ತುದಿಯಲ್ಲಿತ್ತು, ಆದರೆ ಅದು ನನ್ನದಲ್ಲ. ಪರದೆಯೊಳಗೆ ನಡೆದದ್ದನ್ನು ಪರದೆಯ ಹೊರಗೆ ಹೇಳಿ, ಇಡೀ ಜಿಲ್ಲೆಗೆ ಗೊತ್ತಿರುವ ವಕೀಲರನ್ನು ನಗೆಗೀಡು ಮಾಡುವುದೇ? ನೌಕರಿ ಹೋದರೆ ಹೋಗಲಿ ಎಂದುಕೊಂಡೆ. ತಲೆ ತಗ್ಗಿಸಿ, "ಇಲ್ರಿ" ಎಂದೆ.

"ಸುಳ್ಳ ಹೇಳ್ತಾಳ್ರಿ" ಎಂದಿತು ಬಾಗಿಲಲ್ಲಿ ಒಂದು ದನಿ.

ಹೊರಗಿನ ಪಡಸಾಲೆಯಲ್ಲಿ ಕುಳಿತು ಕೇಳುತ್ತಿದ್ದ ಮಾವ ಒಳಗೆ ಬಂದು ನಿಂತಿದ್ದರು. ಜೋಲಿ ಕಟ್ಟಿದ ಕೈ, ಧೂಳು ತುಂಬಿದ ಕರಿ ಕೋಟು. ಗುಮಾಸ್ತರು ಗುರುತಿಸಿ ಗಡಬಡಿಸಿ ಎದ್ದು, "ವಕೀಲ ಸಾಹೇಬ್ರು!" ಎಂದರು. ಮಾವ ಅಧಿಕಾರಿಗೆ ಎಡಗೈಯಲ್ಲೇ ನಮಸ್ಕಾರ ಮಾಡಿದರು.

"ಒಬ್ಬರಿಗಿ ಕಲಿಸ್ಯಾಳ್ರಿ. ನಾನೇ ಆಕಿ ಶಾಗಿರ್ದ. ಪರೀಕ್ಷಾ ತಗೋಬೇಕಂದ್ರ ನನ್ನ ತಗೋರಿ."

ಶಾಗಿರ್ದ ಎಂದರೆ ಶಿಷ್ಯ. ನನಗೆ ಎಲ್ಲಿ ನೋಡಬೇಕೋ ತಿಳಿಯದೆ ನನ್ನ ಎಣ್ಣೆಯ ಕೈ ನೋಡಿಕೊಂಡೆ. ಅಧಿಕಾರಿ ಹಗುರವಾಗಿ ನಗಲಿಲ್ಲ. ಅದಕ್ಕೆ ಅವರ ಮೇಲೆ ಇಂದಿಗೂ ಗೌರವವಿದೆ. ಎದ್ದು ಕುರ್ಚಿ ಕೊಟ್ಟು, ಗೋಡೆಗೆ ಅಂಟಿಸಿದ್ದ ಪ್ರಕಟಣೆ ತೋರಿಸಿ, "ಇದನ್ನ ಓದ್ತೀರಾ ಸಾರ್?" ಎಂದರು.

ಜಡ್ಜುಗಳ ಎದುರು ಮಾತು ಹೊಳೆಯಾಗಿ ಹರಿಸಿದ ಮನುಷ್ಯ ಕುರ್ಚಿಯಲ್ಲಿ ಕೂಡಲಿಲ್ಲ. ಗೋಡೆಯ ಹತ್ತಿರ ಹೋಗಿ ನಿಂತು, ಕನ್ನಡಕ ಸರಿಮಾಡಿಕೊಂಡು, ಬೆರಳಿಟ್ಟರು. ಎಡಗಡೆಯಿಂದಲೇ ಶುರು ಮಾಡಿದರು, ನನಗೆ ಅರ್ಧ ಜೀವ ಬಂತು. "ಸಾ… ವ…" ನಿಂತರು. ಮೊದಲ ಪದ 'ಸಾರ್ವಜನಿಕರ'. ಅರ್ಕಾವತ್ತು! ಬರೆಯುವಾಗ ಅಕ್ಷರದ ಬೆನ್ನ ಹಿಂದೆ ನಿಲ್ಲುತ್ತದೆ, ಓದುವಾಗ ಮುಂದೆ ಬಂದು ಮಾತಾಡುತ್ತದೆ. ನಾನು ಬಾಯಿ ಬಿಡುವಂತಿಲ್ಲ. ಪಡಸಾಲೆಯ ಕಿಟಕಿಯಲ್ಲಿ ಅತ್ತೆ ಸರಳು ಹಿಡಿದು ನಿಂತಿದ್ದರು. ಮಾವನ ತುಟಿಗಳು ಅಲುಗಿದವು, ಬೆರಳು ಹಿಂದೆ ಹೋಯಿತು, ಮುಂದೆ ಬಂತು.

"ಸಾರ್… ವ… ಜನಿಕರ. ಸಾರ್ವಜನಿಕರ ಗಮನಕ್ಕೆ!"

ಅಧಿಕಾರಿಯ ಕಡೆ ತಿರುಗಿದರು. ದನಿ ಈಗ ಕೋರ್ಟಿನದು: "ಸಾಹೇಬ್ರ, ಈ ಅಕ್ಷರ ಬಾಳ ಲಬಾಡ ಅದ. ನಿಲ್ಲೂದು ಹಿಂದ, ಮಾತಾಡೂದು ಮುಂದ. ನನ್ನ ಕೋರ್ಟಿನ್ಯಾಗ ಇಂಥಾ ಸಾಕ್ಷಿ ಬಂದ್ರ ನಾ ಬಿಡಾಂವಲ್ಲ."

ಈಗ ಅಧಿಕಾರಿ ನಕ್ಕರು. ಗುಮಾಸ್ತರೂ ನಕ್ಕರು. ಕಿಟಕಿಯಲ್ಲಿ ಅತ್ತೆ ಕಣ್ಣೊರೆಸಿಕೊಳ್ಳುತ್ತಿದ್ದರು. "ಉಳಿದದ್ದನ್ನೂ ಓದಿಬಿಡ್ತೇನ್ರಿ" ಎಂದು ಮಾವ ಹಟ ಹಿಡಿದು, ದನಕರುಗಳನ್ನು ರಸ್ತೆಯ ಮೇಲೆ ಬಿಡಬಾರದೆಂಬ ಆ ಪ್ರಕಟಣೆಯನ್ನು ಕೊನೆಯವರೆಗೆ ಓದಿದರು. ಯಾರೂ ಅವಸರ ಮಾಡಲಿಲ್ಲ. ಮುಗಿದಾಗ ಅಧಿಕಾರಿ ನನಗೆ ಹೇಳಿದರು: "ಅಮ್ಮಾ, ಮಕ್ಕಳಿಗೆ ಕಲಿಸೋದು ಇದಕ್ಕಿಂತ ಸುಲಭ. ಔರಾದ ತಾಲ್ಲೂಕಿಗೆ ಹೋಗ್ತೀರಾ?"

ಹೋದೆ. ಠಾಣಾ ಕುಶನೂರಿನ ಸಾಲೆಯಲ್ಲಿ ಶುರುವಾದ ನೌಕರಿ ನನ್ನ ತಲೆ ನರೆಯುವವರೆಗೆ ನಡೆಯಿತು. ಮೊದಲ ವರ್ಷ ಅತ್ತೆ ನನ್ನ ಜೊತೆಗೇ ಬಂದು ಇದ್ದರು. ಆಮೇಲೆ ಗಂಡ ಔರಾದಕ್ಕೆ ವರ್ಗ ಮಾಡಿಸಿಕೊಂಡರು. ಮಾವ ವಚನಗಳನ್ನು ತಾವೇ ಓದಿಕೊಂಡರು; ಬಾಯಿಪಾಠ ಬರುವುದನ್ನು ಮತ್ತೆ ಯಾಕೆ ಓದುತ್ತೀರಿ ಎಂದು ಯಾರೋ ಕೇಳಿದ್ದಕ್ಕೆ, "ಇಷ್ಟ ದಿನ ಕೇಳಿದ್ದೆ, ಈಗ ಮುಖಾ ನೋಡ್ಲತ್ತೀನಿ" ಎಂದರಂತೆ. ಬೇಗಮ್ಮ ಇನ್ನೂ ಕೆಲವು ವರ್ಷ ಇದ್ದಳು. ಕೊನೆಗೆ ಅಷ್ಟೂರಿನ ಒಬ್ಬರು ಅವಳ ಎಂಜಿನ್ ಒಯ್ದು ಬಾವಿಯ ಮೇಲೆ ಕೂಡಿಸಿ ನೀರೆತ್ತಿಸಿದರು. ಅತ್ತೆಗೆ ಪರದೆ ಸಿಕ್ಕಿತು.

ಆದರೆ ನನಗೆ ಮೇಲಿಂದ ಮೇಲೆ ನೆನಪಾಗುವುದು ಆ ದಿನ ಭಾಲ್ಕಿಯಿಂದ ತಿರುಗಿ ಬಂದ ದಾರಿ. ನನ್ನ ತವರಿನಲ್ಲಿ ಜೋಳದ ರೊಟ್ಟಿ, ಪುಂಡಿ ಪಲ್ಯ ಊಟ ಮಾಡಿ ಹೊರಟಿದ್ದೆವು. ಮಾವನಿಗೆ ಅಕ್ಷರದ ಅಮಲು ಏರಿತ್ತು. ಕಂಡ ಕನ್ನಡವನ್ನೆಲ್ಲ ಗಟ್ಟಿಯಾಗಿ ಓದತೊಡಗಿದರು. ಸ್ಟೇಷನ್ನಿನ ಹಲಗೆ ಓದಿದರು. ಬಟ್ಟೆ ಅಂಗಡಿ ಓದಿದರು. ಗೋಡೆಯ ಮೇಲೆ ಯಾರೋ ಸುಣ್ಣದಲ್ಲಿ ಗೀಚಿದ್ದನ್ನು ಓದಲು ಹೋಗಿ, ಅರ್ಧಕ್ಕೆ ನಾಚಿ ನಿಲ್ಲಿಸಿದರು. ಅತ್ತೆ ಸ್ಟೇರಿಂಗ್ ಹಿಡಿದು ಸುಮ್ಮನೆ ಕೇಳುತ್ತಿದ್ದರು. ಊರ ಹೊರಗಿನ ತಿರುವಿನಲ್ಲಿ ಹೊಸದಾಗಿ ನೆಟ್ಟ ಹಲಗೆಯೊಂದು ಬಂತು. ಮಾವ ಕತ್ತು ಚಾಚಿ, ಗಾಡಿಯನ್ನು ಅದೇ ಜೋರಿನಲ್ಲಿ ಬಿಟ್ಟುಕೊಂಡು, ಹಾಡಿನಂತೆ ಓದಿದರು: "ನಿ… ಧಾ… ನ… ವಾಗಿ… ಚಲಿಸಿ!"

ಆಗ ಅತ್ತೆ ಅಂದರು: "ಓದ್ಲಾಕ ಬಂತಂತ ಕಂಡದ್ದೆಲ್ಲಾ ಓದಬ್ಯಾಡ್ರಿ. ಓದಿದ್ದು ಒಂದಾದ್ರೂ ಮಾಡ್ರಿ."

ಮಾವ ಜೋರು ಇಳಿಸಿದರು. ಎಂಜಿನ್ ನಿಲ್ಲದಷ್ಟು, ಅಷ್ಟೇ.